ಅಂಜದೀವದ ಕೆರೆ

ಅಣಶಿಯ ಕಾಡನ್ನು ಪಡುವಣಕ್ಕೆ ದಾಟಿದರೆ ಗೋವೆಯ ಕಾಣಕೋಣ ತಾಲೂಕು. ಅದರ ಬದಲು ಘಟ್ಟ ಇಳಿದು, ಕದ್ರಾ ಹಾದು ಕಾರವಾರ ಸೇರಿದರೆ ಕಾಳಿ ನದಿಯ ಅಳಿವೆಯ ಆಸುಪಾಸಿನಲ್ಲಿ ನಡುಗಡ್ಡೆಗಳ ಸಾಲು ಕಾಣುತ್ತದೆ. ಕೂರ್ಮಗಡ ನಮ್ಮ ಕರ್ನಾಟಕದ್ದು, ಪುಷ್ಯ ಹುಣ್ಣಿಮೆಯ ನರಸಿಂಹ ಜಾತ್ರೆಗೆ ಜನ ದೋಣಿಯಲ್ಲಿ ಹೋಗಿಬರುತ್ತಾರೆ. ದೀಪಸ್ತಂಭವಿರುವ ದೇವಗಡವೂ ನಮ್ಮದೇ. ತೆಂಕಣಕ್ಕೆ, ಬಿಣಗಾದ ಎದುರಿಗೇ ಇರುವ ಅಂಜದೀವ ಮಾತ್ರ ಗೋವೆಯದು. ಇದು ಹೀಗೇಕಾಯಿತು ಎಂದು ಕೇಳುತ್ತ ಹೋದರೆ ಒಂದು ಕೆರೆಯ ಬಳಿ ಬಂದು ನಿಲ್ಲುತ್ತೇವೆ.

1498ರ ಸೆಪ್ಟೆಂಬರ್ ಕೊನೆಯ ವಾರ. ಕಲ್ಲಿಕೋಟೆಯಲ್ಲಿ ಮನಸ್ತಾಪ ಮಾಡಿಕೊಂಡು ಊರಿಗೆ ಹೊರಟಿದ್ದ ವಾಸ್ಕೋ ಡ ಗಾಮನ ಹಡಗುಗಳು ಇಲ್ಲಿ ಲಂಗರು ಹಾಕಿದವು. ಕುಡಿಯುವ ನೀರಿಗಾಗಿ ಅವನ ಕಪ್ತಾನರಲ್ಲೊಬ್ಬನಾದ ನಿಕೊಲೌ ಕೊಯೆಲ್ಯೊ ಆಯುಧ ಸಮೇತ ದೋಣಿಯಲ್ಲಿ ದಡಕ್ಕೆ ಹೋದ. ಆ ಯಾನದಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿ, ಕೊಯೆಲ್ಯೊ ಕಂಡದ್ದನ್ನು ಹೇಳುತ್ತದೆ: ಕೆತ್ತಿದ ಕಲ್ಲಿನ, ಪಾಳುಬಿದ್ದ ದೊಡ್ಡ ಕಟ್ಟಡ; ಅದರಲ್ಲಿ ಉಳಿದದ್ದು ಹುಲ್ಲು ಹೊದಿಸಿದ ಒಂದು ಗುಡಿ; ಅದರೊಳಗೆ ಪೂಜೆಗೊಳ್ಳುವ ಮೂರು ಕರಿಕಲ್ಲುಗಳು; ಪಕ್ಕದಲ್ಲಿ ಅಂಥದೇ ಕಲ್ಲುಗೆಲಸದ ಕೆರೆ. ದ್ವೀಪದ ನೆತ್ತಿಯ ಮೇಲೆ ಇನ್ನೊಂದು ಕೆರೆ. ಬರೆದವನು ಆ ಪಾಳನ್ನು ಇಗರ್ಜಿ ಎಂದುಕೊಂಡ. ಹಿಂದೂ ಗುಡಿಗಳೆಲ್ಲ ಆಗ ಅವರ ಕಣ್ಣಿಗೆ ಇಗರ್ಜಿಗಳೇ!

ಯುರೋಪಿನ ಪುಸ್ತಕಗಳಲ್ಲಿ ಅಂಜದೀವ ಸಿಕ್ಕಿದ್ದು ಹೀಗೆ. ಆದರೆ ಅದಕ್ಕೆ ಒಂದೂವರೆ ಶತಮಾನ ಮೊದಲೇ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಗೋವೆಯನ್ನು ದಾಟಿ, ನೆಲಕ್ಕೆ ಹತ್ತಿರದ ಸಣ್ಣ ದ್ವೀಪವೊಂದರಲ್ಲಿ ಇಳಿದಿದ್ದ. ಅಲ್ಲೂ ಒಂದು ಗುಡಿ, ತೋಪು, ನೀರಿನ ಕೆರೆ. ಎರಡು ವಿಗ್ರಹಗಳ ನಡುವೆ ಗೋಡೆಗೊರಗಿ ಕೂತಿದ್ದ ಜೋಗಿ ಮಾತಾಡಲಿಲ್ಲ. ಒಮ್ಮೆ ಕೂಗಿದ್ದಕ್ಕೆ ಮರದಿಂದ ತೆಂಗಿನಕಾಯಿ ಬಿತ್ತು. ಅದನ್ನು ಅತಿಥಿಗಳಿಗೆ ಕೊಟ್ಟ. ಅವರು ಕೊಟ್ಟ ಹಣ ಮುಟ್ಟಲಿಲ್ಲ, ಬದಲಿಗೆ ಹೊರಡುವಾಗ ಬತೂತನ ಕೈಗೇ ಹತ್ತು ದೀನಾರ್ ಇಟ್ಟ. ಆಕಾಶದತ್ತ, ಮೆಕ್ಕಾದ ದಿಕ್ಕಿನತ್ತ ಅವನು ಬೆರಳು ತೋರಿಸಿದ್ದನ್ನು ಕಂಡು ಇವನು ಗುಟ್ಟಿನ ಮುಸ್ಲಿಮನೆಂದು ಬತೂತ ತೀರ್ಮಾನಿಸಿದ. ಒಬ್ಬನಿಗೆ ಇಗರ್ಜಿ, ಇನ್ನೊಬ್ಬನಿಗೆ ಮುಸ್ಲಿಮ ಜೋಗಿ. ಬಂದವರು ತಮ್ಮ ದೇವರನ್ನೇ ಕಂಡರು. ಆದರೆ ಗುಡಿ ಮತ್ತು ಕೆರೆಯ ವಿಷಯದಲ್ಲಿ ಇಬ್ಬರ ಬರಹವೂ ತಾಳೆಯಾಗುತ್ತದೆ. ಬತೂತನ ಹೆಸರಿಲ್ಲದ ದ್ವೀಪ ಅಂಜದೀವವೇ ಎಂದು ವಿದ್ವಾಂಸರು ಹೇಳುವುದು ಇದನ್ನೆಲ್ಲ ನೋಡಿಯೇ. ಅಂಕೋಲೆಯ ಆರ್ಯಾದುರ್ಗೆ ಮೊದಲು ನೆಲೆಸಿದ್ದು ಇಲ್ಲೇ ಎಂದು ಭಕ್ತರು ನಂಬುತ್ತಾರೆ.

ಗಾಮ ಇನ್ನೂ ಇಲ್ಲಿದ್ದಾಗಲೇ, ವೆನಿಸ್ಸಿನ ಭಾಷೆಯಾಡುವ, ಒಳ್ಳೆಯ ಉಡುಪಿನ ಒಬ್ಬ ಬಂದು ಅಪ್ಪಿಕೊಂಡ. ಅನುಮಾನ ಬಂದು ಹೊಡೆಸಿದಾಗ, ಗೋವೆಯ ಆದಿಲಶಾಹಿ ದೊರೆಯ ಕಡೆಯವನೆಂದು ಬಾಯಿಬಿಟ್ಟ. ಹುಟ್ಟಿನಿಂದ ಯಹೂದಿ. ಅವನನ್ನು ಹೊತ್ತೊಯ್ದು ಗಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. 1500ರಲ್ಲಿ ಪೋರ್ತುಗೀಜ್ ನಾವಿಕ ಕಬ್ರಾಲನ ಹಡಗುಪಡೆಯಲ್ಲಿ ಅವನು ಮತ್ತೆ ಈ ಕಡಲಿಗೆ ಬಂದ.

1505ರಲ್ಲಿ ಪೋರ್ತುಗೀಜ್ ವೈಸರಾಯ್ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದ. ಅದು ಹೆಚ್ಚು ದಿನ ಉಳಿಯಲಿಲ್ಲ. ಮುಂದೆ, ಇಂಗ್ಲೆಂಡಿನ ಅರಸನಿಗೆ ಮದುವೆಯ ಬಳುವಳಿಯಾಗಿ ಒಪ್ಪಿಕೊಂಡಿದ್ದ ಮುಂಬಯಿಯನ್ನು ಬಿಟ್ಟುಕೊಡದೆ ಪೋರ್ತುಗೀಜರು ಸತಾಯಿಸಿದಾಗ ಇಂಗ್ಲಿಷರ ದಂಡು ಇಲ್ಲೇ ಕಾದು ಕೂತಿತು. 1664ರಲ್ಲಿ ಅದರ ನಾಯಕ ಶಿಪ್‌ಮನ್ ಸತ್ತ. ಸೈನಿಕರಲ್ಲೂ ಬಹುಪಾಲು ಜನ ರೋಗಕ್ಕೆ ಬಲಿಯಾದರು. ಸಿಹಿನೀರಿದ್ದರೂ ದ್ವೀಪ ಅವರನ್ನು ಉಳಿಸಲಿಲ್ಲ. ಪೋರ್ತುಗೀಜರು 1682ರಲ್ಲಿ ಮತ್ತೆ ಕೋಟೆ ಎಬ್ಬಿಸಿ ನೆಲೆಯೂರಿದರು. ಕೂರ್ಮಗಡ, ಸದಾಶಿವಗಡ, ಅಣಶಿಯ ಕಾಡೆಲ್ಲ ಆಗ ಸೋಂದೆಯ ಅರಸರ ಸೀಮೆ. ಹೈದರಾಲಿಯ ದಾಳಿಗೆ ಸೋಂದೆಯ ಅರಸ ಗೋವೆಗೆ ಓಡಿದ ಮೇಲೆ ಕಾಣಕೋಣ ಪೋರ್ತುಗೀಜರ ಪಾಲಾಯಿತು, ಘಟ್ಟದ ಸೀಮೆ ಮೈಸೂರಿನದಾಯಿತು. ಅಣಶಿಯ ನೆತ್ತಿಯ ಮೇಲಿನ ಗಡಿರೇಖೆಗೂ ಕಡಲಿನ ಗಡಿರೇಖೆಗೂ ಹೀಗೆ ಬೇರೆ ಬೇರೆ ಕಾರಣಗಳಿವೆ.

ಗೋವೆಯನ್ನು ಪೋರ್ತುಗೀಜರಿಂದ ಬಿಡಿಸುವ ಕಾರ್ಯಾಚರಣೆಯಲ್ಲಿ, 1961ರ ಡಿಸೆಂಬರ್ 18ರಂದು ಭಾರತೀಯ ನೌಕಾಪಡೆ ಅಂಜದೀವಕ್ಕೆ ಇಳಿಯಿತು. ಏಳು ನಾವಿಕರು ಪ್ರಾಣ ಕೊಟ್ಟರು. ಈಗ ಅದು ಕದಂಬ ನೌಕಾನೆಲೆಯ ಭಾಗ, ಅಲೆತಡೆ ಗೋಡೆಯಿಂದ ಕಾರವಾರದ ನೆಲಕ್ಕೆ ಸೇರಿಕೊಂಡಿದೆ. ಜನಸಾಮಾನ್ಯರಿಗೆ ಪ್ರವೇಶವಿಲ್ಲ, ಇರಲಿ. ಆದರೆ ನೌಕಾಪಡೆಯ ಅನುಮತಿ ಪಡೆದು, ಎರಡೂ ರಾಜ್ಯಗಳ ಪುರಾತತ್ವ ಇಲಾಖೆಗಳು ಒಟ್ಟಾಗಿ ಹೋಗಿ ಆ ಗುಡಿ ಮತ್ತು ಕೆರೆಗಳ ಜಾಗವನ್ನು ಅಳೆದು ದಾಖಲಿಸಬೇಕು.