ಮುಟ್ಟಿ ನೋಡಲಾಗದ ಎಂಜಿನ್

ಡೀಸೆಲ್ ಎಂಜಿನ್ ಕಂಡುಹಿಡಿದವನು ರುಡಾಲ್ಫ್ ಡೀಸೆಲ್, ಸರಿ. ಆದರೆ ಅದು ತಾನಾಗಿ ಓಡುತ್ತಿದೆ ಎಂದು ಮೊದಲು ಗುರುತಿಸಿದವನು ಲಿಂಡರ್ ಎಂಬ ಮೆಕ್ಯಾನಿಕ್ ಎನ್ನುತ್ತಾರೆ. 1894ರ ಫೆಬ್ರವರಿ 17, ಜರ್ಮನಿಯ ಆಗ್ಸ್‌ಬರ್ಗ್. ಕಾರ್ಖಾನೆಯ ಬೆಲ್ಟು ಎಂಜಿನ್ನನ್ನು ತಿರುಗಿಸುತ್ತಿತ್ತು. ಇದ್ದಕ್ಕಿದ್ದಂತೆ ಎಂಜಿನ್ನೇ ಬೆಲ್ಟನ್ನು ಎಳೆಯತೊಡಗಿತು. ಲಿಂಡರ್ ಮಾತಾಡದೆ ಟೋಪಿ ತೆಗೆದನಂತೆ. ಎಂಜಿನ್ ಓಡಿದ್ದು ಸುಮಾರು ಒಂದು ನಿಮಿಷ.

1912ರಲ್ಲಿ ‘ಸೆಲಾಂಡಿಯಾ’ ಎಂಬ ಡೀಸೆಲ್ ಹಡಗು ಕೋಪನ್‌ಹೇಗನ್‌ನಿಂದ ಬ್ಯಾಂಕಾಕ್‌ಗೆ ಹೊರಟಿತು. ಹೊಗೆಕೊಳವೆಯೇ ಇಲ್ಲದ ಹಡಗು! ಜನ ಬೆರಗಾದರು. ಆದರೆ ಅಂಥ ಹಡಗು ನಡೆಸುವವರು ಎಲ್ಲಿದ್ದರು? ಬ್ರಿಟನ್ನಿನಲ್ಲಿ 1862ರ ಕಾಯ್ದೆಯಿಂದಲೇ ಹಡಗಿನ ಎಂಜಿನಿಯರಿಗೆ ಸರ್ಟಿಫಿಕೇಟ್ ಬೇಕಿತ್ತು, ಓದಿದ್ದೆಲ್ಲ ಬಾಯ್ಲರು, ಉಗಿ. ಉಗಿ ಎಂಜಿನ್ನಿನ ಕ್ರ್ಯಾಂಕ್ ಕಣ್ಣೆದುರೇ ತಿರುಗುತ್ತದೆ. ಬೇರಿಂಗ್ ಬಿಸಿಯಾಗಿದೆಯೇ ಎಂದು, ಓಡುತ್ತಿರುವಾಗಲೇ ತಾಳ ನೋಡಿಕೊಂಡು ಅಂಗೈ ತಾಗಿಸಿ ತಿಳಿಯುವುದೇ ಅವರ ವಿದ್ಯೆ. ಡೀಸೆಲ್ಲಿನದು ಬೇರೆ ಜಾತಕ. ಹಡಗು ಹಿಂದಕ್ಕೆ ಹೋಗಬೇಕಾದರೆ ಎಂಜಿನ್ ನಿಲ್ಲಿಸಿ, ಒತ್ತಿಟ್ಟ ಗಾಳಿಯಿಂದ ಎದುರು ದಿಕ್ಕಿಗೆ ಮತ್ತೆ ಚಾಲೂ ಮಾಡಬೇಕು. ಬಂದರಿನ ಬಾಯಲ್ಲಿ ಹಿಂದೆಮುಂದೆ ಮಾಡುತ್ತ ಗಾಳಿ ಬರಿದಾಯಿತೋ, ಎಂಜಿನ್ ಮತ್ತೆ ಏಳುವುದಿಲ್ಲ. ಹೀಗಾಗಿ ‘ಸ್ಟೀಮ್’, ‘ಮೋಟಾರ್’ ಎಂದು ಸರ್ಟಿಫಿಕೇಟೇ ಎರಡಾಯಿತು.

ಡೀಸೆಲ್ಲಿನಲ್ಲಿ ಕ್ರ್ಯಾಂಕ್ ಮುಚ್ಚಿದ ಪೆಟ್ಟಿಗೆಯೊಳಗೆ ಸೇರಿದ್ದರ ಪೂರ್ತಿ ಅರ್ಥ ತಿಳಿಯಲು ಮಾತ್ರ 1947ರ ಸೆಪ್ಟೆಂಬರ್ 11 ಬರಬೇಕಾಯಿತು. ಉತ್ತರ ಐರ್ಲೆಂಡಿನ ಕಡಲಲ್ಲಿ ‘ರೇನಾ ಡೆಲ್ ಪೆಸಿಫಿಕೊ’ ಹಡಗು ದುರಸ್ತಿಯ ನಂತರದ ಪರೀಕ್ಷಾ ಓಟದಲ್ಲಿತ್ತು. ಎಂಜಿನ್ ಕೋಣೆ ಸಿಡಿದು 28 ಜನ ಸತ್ತರು. ಒಂದು ಪಿಸ್ಟನ್ ವಿಪರೀತ ಕಾದಿತ್ತು. ಕಾದ ಲೋಹದ ಮೇಲೆ ಬಿದ್ದ ಎಣ್ಣೆ ಆವಿಯಾಗಿ, ತಣ್ಣಗಾದಲ್ಲಿ ಮಂಜಾಗಿ ಪೆಟ್ಟಿಗೆ ತುಂಬುತ್ತದೆ. ಅದಕ್ಕೆ ಕಿಡಿ ಕೊಡುವುದೂ ಅದೇ ಲೋಹವೇ. ಮೊದಲ ಸ್ಫೋಟಕ್ಕೆ ಪೆಟ್ಟಿಗೆಯ ಬಾಗಿಲು ಕಿತ್ತುಬಂದರೆ ಹೊರಗಿನ ಗಾಳಿ ನುಗ್ಗುತ್ತದೆ. ಎರಡನೆಯದು ಇನ್ನೂ ಘೋರ.

ಇಂದು ನಮ್ಮ ದೇಶದಲ್ಲಿ ಹಡಗಿನ ಎಂಜಿನಿಯರ್ ಆಗಲು ಎಂಇಒ ಕ್ಲಾಸ್ ಫೋರ್ ಪರೀಕ್ಷೆ ಬರೆಯುವವರಿಗೆ ಲಿಖಿತಕ್ಕಿಂತ ಓರಲ್ಸ್ ಎಂದರೇ ಹೆಚ್ಚು ಭಯ. ಅಲ್ಲಿ ಈ ಪ್ರಶ್ನೆ ತೀರಾ ಹಳೆಯ ಪರಿಚಯ: ಎಣ್ಣೆ ಮಂಜಿನ ಅಲಾರಂ ಬಡಿಯಿತು, ಏನು ಮಾಡುತ್ತೀರಿ? ಮೊದಲು ಬ್ರಿಡ್ಜಿಗೆ ತಿಳಿಸಿ ವೇಗ ಇಳಿಸಬೇಕು, ಪೆಟ್ಟಿಗೆಯ ಬದಿಯಿಂದ ಜನರನ್ನು ದೂರ ಕಳಿಸಬೇಕು, ನಿಲ್ಲಿಸಿದ ಮೇಲೆ ಎಣ್ಣೆ ಹರಿಯುತ್ತಲೇ ತಣಿಯಲು ಬಿಡಬೇಕು. ಏನಾಗಿದೆ ನೋಡೋಣ ಎಂದು ತಕ್ಷಣ ಬಾಗಿಲು ತೆರೆಯುತ್ತೇನೆ ಎಂದವನಿಗೆ ಪರೀಕ್ಷಕರು ಮುಂದಿನ ಪ್ರಶ್ನೆ ಕೇಳುವ ತೊಂದರೆ ತೆಗೆದುಕೊಳ್ಳುವುದಿಲ್ಲ.