ಕೆರೆ ಜೌಗುಪ್ರದೇಶ ಅಲ್ವಂತೆ, ಹಾಗಾದ್ರೆ ಮತ್ತೇನು?

ಕರ್ನಾಟಕದಲ್ಲಿ ನಾಲ್ಕು ರಾಮ್ಸರ್ ತಾಣಗಳಿವೆ. 2022ರಲ್ಲಿ ರಂಗನತಿಟ್ಟು ಈ ಪಟ್ಟಿಗೆ ಸೇರಿತು. 2024ರಲ್ಲಿ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಸೇರಿದವು. 1971ರಲ್ಲಿ ಇರಾನಿನ ರಾಮ್ಸರ್ ಊರಲ್ಲಿ ಆದ ಒಪ್ಪಂದದಡಿ, ಇವು ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳು.

ನನ್ನ ಗಮನ ಇರೋದು ಮಾಗಡಿ ಮತ್ತು ಅಂಕಸಮುದ್ರದ ಮೇಲೆ. ಎರಡೂ ನೀರಾವರಿಗೆಂದೇ ಕಟ್ಟಿದ ಕೆರೆಗಳು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಮಾಗಡಿಗೆ ಇಳಿಯುತ್ತವೆ. ಕೆರೆ ಕಟ್ಟಿದವರು ಯಾರು ಅಂತ ಹಕ್ಕಿ ಕೇಳಲ್ಲ.

ಆದರೆ ಕಾನೂನು ಕೇಳುತ್ತೆ. ಕೇಂದ್ರದ 2017ರ ನಿಯಮಗಳ ಪ್ರಕಾರ ಜೌಗುಪ್ರದೇಶದಲ್ಲಿ ಒತ್ತುವರಿ ಮಾಡುವಂತಿಲ್ಲ, ಕಸ ಸುರಿಯುವಂತಿಲ್ಲ, ಕೊಳಚೆ ಬಿಡುವಂತಿಲ್ಲ. ಆದರೆ ಅದೇ ನಿಯಮಗಳ ವ್ಯಾಖ್ಯಾನ ಕುಡಿಯುವ ನೀರಿಗೆ, ನೀರಾವರಿಗೆ ಮನುಷ್ಯರು ಕಟ್ಟಿದ ಜಲಮೂಲಗಳನ್ನು ಹೊರಗಿಡುತ್ತದೆ. ಮಾಗಡಿ, ಅಂಕಸಮುದ್ರಕ್ಕೆ ರಾಮ್ಸರ್ ಪಟ್ಟ ರಕ್ಷಣೆ ಕೊಟ್ಟಿತು. ಬಯಲುಸೀಮೆಯ ಉಳಿದ ಕೆರೆಗಳ ಕಥೆ ಏನು? ಅವುಗಳಲ್ಲಿ ಹೆಚ್ಚಿನವು ನೀರಾವರಿಗೆ ಕಟ್ಟಿದವೇ.

ಕೆರೆ ಅಂದರೆ ಬರೀ ನೀರಿನ ಗುಂಡಿ ಅಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತೆ. ದಾರಿಯಲ್ಲಿ ಅಂತರ್ಜಲ ತುಂಬುತ್ತೆ, ಪ್ರವಾಹ ತಗ್ಗುತ್ತೆ. ಕಾಲುವೆ ಮುಚ್ಚಿ ಲೇಔಟ್ ಎದ್ದರೆ ಮಳೆಗಾಲದಲ್ಲಿ ಆ ನೀರು ಮನೆಯೊಳಗೇ ಬರುತ್ತೆ. ಸಂಸ್ಕರಿಸದ ಕೊಳಚೆ ಬಿಟ್ಟರೆ ಏನಾಗುತ್ತೆ ಅನ್ನೋದನ್ನ ನೊರೆ ಉಕ್ಕಿಸಿ, ಬೆಂಕಿ ಹೊತ್ತಿಸಿಕೊಂಡು ಬೆಳ್ಳಂದೂರು ಕೆರೆ ತೋರಿಸಿದೆ.

‘ರಾಜ್ಯಕ್ಕೇ ಪ್ರತ್ಯೇಕ ಕೆರೆ ಕಾಯ್ದೆ ಇದೆಯಲ್ಲ?’ ಅನ್ನಬಹುದು. ಇದೆ. 2014ರ ಆ ಕಾಯ್ದೆ ಕೆರೆಯಂಚಿನಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟುವುದನ್ನು ತಡೆದಿತ್ತು. 2025ರಲ್ಲಿ ವಿಧಾನಸಭೆ ಒಪ್ಪಿದ ತಿದ್ದುಪಡಿ ಮಸೂದೆ, ಕೆರೆಯ ವಿಸ್ತೀರ್ಣ ನೋಡಿ ಈ ಅಂತರವನ್ನೇ ಕಡಿಮೆ ಮಾಡಲು ಹೊರಟಿತು. ಚಿಕ್ಕ ಕೆರೆಗೆ ಚಿಕ್ಕ ರಕ್ಷಣೆ ಅನ್ನುವ ಲೆಕ್ಕ ಇದು. ಒತ್ತುವರಿಗೆ ಮೊದಲು ಬಲಿಯಾಗೋದು ಚಿಕ್ಕ ಕೆರೆಯೇ.

ಜೌಗುಪ್ರದೇಶಗಳನ್ನು ಸ್ಥಳದಲ್ಲೇ ಪರಿಶೀಲಿಸಿ ಗಡಿ ಗುರುತಿಸುವ ಕೆಲಸ ಮುಗಿಸಿ ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಹಾಗಾಗಿ ನಾವು ಕೇಳಬೇಕಾದ್ದು ಸ್ಪಷ್ಟ. ನಮ್ಮೂರ ಕೆರೆ ಆ ಪಟ್ಟಿಯಲ್ಲಿದೆಯಾ? ಗಡಿ ಕಲ್ಲು ಎಲ್ಲಿ? ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಇದನ್ನ ಕೇಳಿ. ಸಂಸದರನ್ನು ಇನ್ನೊಂದು ಪ್ರಶ್ನೆ ಕೇಳಿ: ಜೌಗುಪ್ರದೇಶದ ವ್ಯಾಖ್ಯಾನದೊಳಗೆ ಕೆರೆಗೆ ಜಾಗ ಯಾವಾಗ?