ಕೌದಿಯ ಗಂಟು, ಗುಬ್ಬಿಯ ಗೂಡು

ಶರಣರ ಕಾಯಕಗಳನ್ನು ವಿವರಿಸುವಾಗ ನಮ್ಮ ಉಪನ್ಯಾಸಕರು ಅಂಬಿಗರ ಚೌಡಯ್ಯನವರನ್ನು, ಮಡಿವಾಳ ಮಾಚಿದೇವರನ್ನು, ನುಲಿಯ ಚಂದಯ್ಯನವರನ್ನು ತಪ್ಪದೆ ಸ್ಮರಿಸುತ್ತಾರೆ. ಸೂಜಿಕಾಯಕದ ರಾಮಿತಂದೆಗಳ ಹೆಸರು ವೇದಿಕೆಯ ಮೇಲೆ ಕೇಳಿಬರುವುದು ವಿರಳ. ನೂಲು ತೆಗೆದು ಬದುಕಿದ ಕದಿರ ರೆಮ್ಮವ್ವೆಯವರ ಸ್ಥಿತಿಯೂ ಹಾಗೆಯೇ. ಕಳೆದ ಬೇಸಿಗೆಯಲ್ಲಿ ವಿಜಯಪುರದ ಹಳೆಯ ಓಣಿಯೊಂದರ ಪಡಸಾಲೆಯಲ್ಲಿ ಕುಳಿತೆದ್ದ ಮೇಲೆ ಈ ಇಬ್ಬರು ನಮಗೆ ಮತ್ತೆ ಮತ್ತೆ ನೆನಪಾದರು.

ಆ ಮನೆಯ ತಾಯಿಗೆ ಎಪ್ಪತ್ತು ದಾಟಿದೆ. ತವರು ಬಬಲೇಶ್ವರ. ಬೆಳಗಿನ ಲಿಂಗಪೂಜೆ ಮುಗಿದೊಡನೆ ಅವರು ಸೂಜಿ ಹಿಡಿದರೆ ನೆರಳು ಅಂಗಳ ದಾಟುವವರೆಗೂ ಕೌದಿಯದೇ ಕೆಲಸ. ಎದುರು ಮನೆಯ ಮುಸಲ್ಮಾನ ತಾಯಿ ದಾರ ಪೋಣಿಸಿಕೊಡುತ್ತಾರೆ, ಏಕೆಂದರೆ ಅವರ ಕಣ್ಣು ಇನ್ನೂ ಚುರುಕು. ಟಿಕೋಟಾದ ಬಾಲ್ಯದ ಗೆಳತಿ, ದ್ರಾಕ್ಷಿ ಕೊಯ್ಲು ಮುಗಿದ ಬಳಿಕ, ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಇನ್ನೊಂದು ಅಂಚಿನಿಂದ ಹೊಲಿಯಲು ಕೂರುತ್ತಾರೆ.

ಕೌದಿ ಎಂದರೆ ಹರಕು ಬಟ್ಟೆಯ ರಾಶಿ ಎಂದು ತಿಳಿದವರು ಅದನ್ನು ಹೊಲಿಯುವುದನ್ನು ಕಂಡವರಲ್ಲ. ಅಗಲವಾದ ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಧೋತರ, ಕುಪ್ಪಸ, ಲಂಗಗಳ ತುಂಡುಗಳನ್ನು ಸುಕ್ಕಿಲ್ಲದಂತೆ ಜೋಡಿಸಬೇಕು. ಅಂಚಿನಿಂದ ಆರಂಭಿಸಿ ಸಾಲಿನ ಪಕ್ಕ ಸಾಲು ಹೊಲಿಯುತ್ತ, ನಾಲ್ಕೂ ಬದಿ ಸುತ್ತಿ, ನಡುವಿಗೆ ಬಂದು ನಿಲ್ಲುವುದು ಈ ಮನೆಯ ಕ್ರಮ. ಸಾಲು ವಿರಳವಾದರೆ ಒಗೆದಾಗ ಒಳಬಟ್ಟೆ ಗಂಟುಕಟ್ಟುತ್ತದೆ. ದಾರ ಬಿಗಿಯಾದರೆ ಕೌದಿ ಮುದುಡುತ್ತದೆ. ಇಳಕಲ್ಲ ಸೀರೆ ದೊರೆತರೆ ಅದರ ಕೆಂಪು ಸೆರಗನ್ನು ಮೇಲ್ಮೈಗೆ ಮೀಸಲಿಡುತ್ತಾರೆ. ಓಣಿ ಓಣಿ ಸುತ್ತಿ ಕೌದಿ ಹೊಲಿದುಕೊಡುತ್ತಿದ್ದ ಅಲೆಮಾರಿ ತಾಯಂದಿರಿಂದ ತಾವು ಕಲಿತದ್ದೆಂದು ಈ ತಾಯಿ ಹೇಳಿದರು. ಅದನ್ನು ಹೇಳಲು ಅವರಿಗೆ ಸಂಕೋಚವಿರಲಿಲ್ಲ.

ಒಂಟಿ ಕೈಗೆ ಒಂದು ಕೌದಿಗೆ ಹದಿನೈದು ದಿನವೂ ಸಾಲದಂತೆ. ಮಠದ ಗೋಡೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಲು ಸಾವಿರಗಟ್ಟಲೆ ಕೊಡುವ ನಮ್ಮ ಭಕ್ತರೇ ಈ ಹೊಲಿಗೆಗೆ ನೂರು ರೂಪಾಯಿ ಚೌಕಾಶಿ ಮಾಡುವುದನ್ನು ನಾವು ಕಣ್ಣಾರೆ ಕಂಡೆವು. ಕಾಯಕಕ್ಕೆ ಪ್ರತಿಫಲ ಪಡೆಯುವುದನ್ನು ಶರಣರು ಎಂದೂ ನಿಷೇಧಿಸಲಿಲ್ಲ. ಆಯ್ದಕ್ಕಿ ಲಕ್ಕಮ್ಮನವರು ಮಾರಯ್ಯನವರನ್ನು ಹಿಂದಕ್ಕೆ ಕಳುಹಿಸಿದ್ದು ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿ ತಂದದ್ದಕ್ಕಾಗಿ.

ಈಗ ಗುಬ್ಬಿಯ ಸಂಗತಿ. ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಲಿಂಗೈಕ್ಯಳಾದ ತಾಯಿಯ ಇಳಕಲ್ಲ ಸೀರೆಯನ್ನು ತಂದುಕೊಟ್ಟು, ವರ್ಷದ ಪುಣ್ಯಸ್ಮರಣೆಯೊಳಗೆ ಕೌದಿ ಬೇಕೆಂದು ಐದುನೂರು ರೂಪಾಯಿ ಮುಂಗಡ ಕೊಟ್ಟು ಹೋಗಿದ್ದಳು. ಸೀರೆಯ ಗಂಟು ಗೋಡೆಯ ಮಾಡದಲ್ಲಿತ್ತು. ತಾಯಿ ಮದುವೆಯೊಂದಕ್ಕಾಗಿ ಎಂಟು ದಿನ ಬಬಲೇಶ್ವರಕ್ಕೆ ಹೋಗಿ ಬರುವಷ್ಟರಲ್ಲಿ ಆ ಗಂಟಿನ ಮೇಲೆ ಗುಬ್ಬಿ ಗೂಡು ಕಟ್ಟಿ ಮೂರು ತತ್ತಿ ಇಟ್ಟಿತ್ತು. ಪುಣ್ಯಸ್ಮರಣೆಗೆ ಉಳಿದದ್ದು ಇಪ್ಪತ್ತು ದಿನ. ಗುಬ್ಬಿಯ ತತ್ತಿ ಒಡೆಯಲು 11ರಿಂದ 14 ದಿನ, ಮರಿ ಹಾರಲು ಮತ್ತೆರಡು ವಾರ ಬೇಕು.

ಗೂಡನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಡಬೇಕೆಂಬುದು ಟಿಕೋಟಾದ ಗೆಳತಿಯ ಮತ. ಸ್ಥಳ ಬದಲಾದರೆ ಗುಬ್ಬಿ ತತ್ತಿಗಳನ್ನು ತೊರೆಯಬಹುದೆಂದು ಎದುರು ಮನೆಯವರು ಒಪ್ಪಲಿಲ್ಲ. “ಅಜ್ಜಾರ, ನೀವರ ಹೇಳ್ರಿ” ಎಂದು ತಾಯಿ ನಮ್ಮತ್ತ ತಿರುಗಿದರು. ದಯೆಯ ವಿಷಯವಾಗಿ ನಲವತ್ತು ವರ್ಷ ಪ್ರವಚನ ಮಾಡಿದ ನಮಗೆ ಆಗ ಉತ್ತರ ಹೊಳೆಯಲಿಲ್ಲ. ಒಂದು ಕಡೆ ಮಾತು ಕೊಟ್ಟದ್ದು, ಸತ್ತ ತಾಯಿಯ ಸೀರೆ; ಇನ್ನೊಂದು ಕಡೆ ಮೂರು ತತ್ತಿ.

ತಾಯಿಯೇ ಮೊಮ್ಮಗಳಿಂದ ಪುಣೆಗೆ ಫೋನು ಮಾಡಿಸಿದರು. ಆ ಹೆಣ್ಣುಮಗಳು ಸಿಟ್ಟಾಗಿ ಮುಂಗಡ ಮರಳಿ ಕೇಳಿದಳು. ಅವಳ ಸಿಟ್ಟು ಅನ್ಯಾಯದ್ದೆಂದು ನಾವು ಹೇಳಲಾರೆವು. ಹಣ ಹೋಗುವುದಕ್ಕೆ ತಾಯಿ ಪೆಚ್ಚಾದದ್ದನ್ನು ಕಂಡು ಗೆಳತಿ, ತಮ್ಮ ತಾಲ್ಲೂಕಿನ ಬಿಜ್ಜರಗಿಯಲ್ಲಿ ಜನಿಸಿ 2023ರ ಜನವರಿ 2ರಂದು ಲಿಂಗೈಕ್ಯರಾದ ಶ್ರೀ ಸಿದ್ಧೇಶ್ವರ ಸ್ವಾಮಿಗಳನ್ನು ನೆನೆದು, “ಅಪ್ಪಾರ ಅಂಗಿಗಿ ಕಿಸೇನ ಇರಲಿಲ್ಲವ್ವ” ಎಂದರು. “ಅವರು ಅಪ್ಪಾರು. ನನಗ ಮೊಮ್ಮಗಳ ಕಾಲೇಜಿನ ಫೀ ಕಟ್ಟೂದೈತಿ” ಎಂದು ಇವರು ಸೂಜಿ ಕೆಳಗಿಡದೆ ನುಡಿದರು. ಐದುನೂರು ಮರುದಿನವೇ ಮರಳಿತು.

ಮಣ್ಣಿನ ಮಾಳಿಗೆಗಳು ಹೋಗಿ ಸ್ಲ್ಯಾಬಿನ ಮನೆಗಳಾದ ಮೇಲೆ ತೊಲೆಯ ಸಂದುಗಳಿಲ್ಲ. ಜೋಳ ಹಸನು ಮಾಡುವ ಅಂಗಳಗಳೂ ಕಡಿಮೆಯಾದವು. 2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಿ ದಿನವೆಂದು ಆಚರಿಸಲಾಗುತ್ತಿದೆ. ಮಾಡವಿರುವ ಮನೆ ಆ ಓಣಿಯಲ್ಲಿ ಇನ್ನು ಇದೊಂದೇ. ಗುಬ್ಬಿಗಳು ನೈಲಾನ್ ದಾರವನ್ನೂ ಗೂಡಿಗೆ ಒಯ್ಯುತ್ತವೆ, ಅದು ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಆದಕಾರಣ ಈ ತಾಯಿ ನೈಲಾನ್ ಚೂರುಗಳನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಬೆರಳುದ್ದದ ನೂಲಿನ ತುಂಡುಗಳನ್ನಷ್ಟೇ ಅಂಗಳಕ್ಕೆ ಬಿಡುತ್ತಾರೆ. ಇಣಚಿಯೂ ಅವುಗಳಲ್ಲಿ ಪಾಲು ಪಡೆಯುತ್ತದೆ.

ಮೂರು ಮರಿಗಳಲ್ಲಿ ಎರಡು ಹಾರಿದವು. ಸೀರೆಯನ್ನು ಎರಡು ಬಾರಿ ಒಗೆದರೂ ದಡಿಯಲ್ಲೊಂದು ಕಲೆ ಉಳಿಯಿತು. ಯಾರೂ ಕೇಳದಿದ್ದರೂ ಮೂವರೂ ಸೇರಿ ಕೌದಿಯನ್ನು ಹೊಲಿದು ಮುಗಿಸಿದರು. ಮಳೆ ಹಿಡಿದ ಮೇಲೆ ಪುಣೆಯ ಹೆಣ್ಣುಮಗಳು ಹೇಳದೆ ಕೇಳದೆ ಬಂದು, ಕೌದಿಯನ್ನು ಮಡಿಲಲ್ಲಿ ಹರವಿಕೊಂಡು ಬಹಳ ಹೊತ್ತು ಕುಳಿತಿದ್ದಳಂತೆ. ಬೆಲೆ ಕೇಳಿದಾಗ ತಾಯಿ ಕಲೆಯನ್ನು ತೋರಿಸಿ ಐವತ್ತು ರೂಪಾಯಿ ಬಿಟ್ಟು ಉಳಿದದ್ದನ್ನು ಪೂರ್ತಿ ಎಣಿಸಿಕೊಂಡರು.